ಧಾರವಾಡ ಸೀಮೆಯ ಕೈತೋಟದಲ್ಲಿ ವಸಂತದ ಗಡ್ಡೆಹೂಗಳು: ಆಯ್ಕೆ, ನಾಟಿ ಮತ್ತು ಒಣ ವಿಶ್ರಾಂತಿ

ದೀಪಾವಳಿ ಕಳೆದು ಬೆಳಗಿನ ಚಳಿ ಶುರುವಾದರೆ ಸಾಕು, ಓದುಗರಿಂದ ಪ್ರತಿ ವರ್ಷವೂ ಒಂದೇ ಪ್ರಶ್ನೆ ಬರುತ್ತದೆ: ಟ್ಯೂಲಿಪ್ ಗಡ್ಡೆ ತರಿಸಿ ನೆಟ್ಟೆವು, ಎಲೆ ಬಂತು, ಹೂ ಬರಲಿಲ್ಲ, ಎಲ್ಲಿ ತಪ್ಪಿದೆವು? ಹೀಗೆ ಕೇಳುವವರಲ್ಲಿ ಹುಬ್ಬಳ್ಳಿಯ ಹೊಸ ಬಡಾವಣೆಗಳವರಿದ್ದಾರೆ, ಗದಗ ಮತ್ತು ರಾಣೆಬೆನ್ನೂರಿನವರೂ ಇದ್ದಾರೆ. ತಪ್ಪು ನೆಟ್ಟವರದಲ್ಲ. ಟ್ಯೂಲಿಪ್ ಮೂಲತಃ ಮಧ್ಯ ಏಷ್ಯಾದ ಗುಡ್ಡಗಾಡಿನ ಗಿಡ. ಅದರ ಹೂದಂಟು ಸರಿಯಾಗಿ ನೀಳವಾಗಬೇಕಾದರೆ ಗಡ್ಡೆಯು ಸುಮಾರು 12ರಿಂದ 16 ವಾರಗಳ ಕಾಲ 9 ಡಿಗ್ರಿ ಸೆಲ್ಸಿಯಸ್‌ಗಿಂತ ಕಡಿಮೆ ತಂಪಿನಲ್ಲಿ ಇರಬೇಕಾಗುತ್ತದೆ. ಶ್ರೀನಗರದಲ್ಲಿ ಆ ಚಳಿ ತಾನಾಗಿಯೇ ಸಿಗುತ್ತದೆ, ಆದ್ದರಿಂದಲೇ ಅಲ್ಲಿನ ಸಾರ್ವಜನಿಕ ಟ್ಯೂಲಿಪ್ ತೋಟ ಮಾರ್ಚ್ ಕೊನೆಯ ಹೊತ್ತಿಗೆ ತುಂಬಿ ನಿಲ್ಲುತ್ತದೆ. ಧಾರವಾಡದಲ್ಲಿ ಡಿಸೆಂಬರಿನ ರಾತ್ರಿಗಳೂ ಸಾಮಾನ್ಯವಾಗಿ 13–15 ಡಿಗ್ರಿಗಿಂತ ಕೆಳಗಿಳಿಯುವುದಿಲ್ಲ, ಹಗಲಂತೂ ಮೂವತ್ತರ ಹತ್ತಿರವೇ ಇರುತ್ತದೆ.

ಹಾಗೆಂದು ವಸಂತದಲ್ಲಿ ಗಡ್ಡೆಹೂ ಅರಳಿಸುವ ಆಸೆಯನ್ನು ಬಿಡಬೇಕಾಗಿಲ್ಲ. ದಕ್ಷಿಣ ಅಮೆರಿಕ, ಮೆಕ್ಸಿಕೊ ಮತ್ತು ಆಫ್ರಿಕಾದ ಅನೇಕ ಗಡ್ಡೆಗಿಡಗಳು ಚಳಿಗೆ ಮಲಗುವ ಬದಲು ಬರಗಾಲಕ್ಕೆ ಮಲಗಿ, ನೀರು ಬಿದ್ದೊಡನೆ ಏಳುತ್ತವೆ. ಅವುಗಳಿಗೆ ಬೇಕಾದದ್ದು ತಂಪಲ್ಲ, ಒಣ ವಿಶ್ರಾಂತಿ. ಡಿಸೆಂಬರಿನಿಂದ ಶಿವರಾತ್ರಿಯವರೆಗೆ ಮಳೆಯ ಹನಿಯೂ ಬೀಳದ ನಮ್ಮ ಸೀಮೆ ಅದನ್ನು ಪುಕ್ಕಟೆಯಾಗಿ ಕೊಡುತ್ತದೆ. ಕೆಡಿಸುವವರು ನಾವು, ದಿನವೂ ನೀರು ಹಾಕಿ. ಈ ಲೇಖನದ ಎಲ್ಲ ಹಂತಗಳೂ ಈ ಒಂದು ಸಂಗತಿಯ ಸುತ್ತ ಇವೆ.

1. ಕೈಯಲ್ಲಿರುವುದು ಎಂಥ ಗಡ್ಡೆ ಎಂದು ತಿಳಿಯಿರಿ

ನರ್ಸರಿಯವರು ನೆಲದೊಳಗಿನ ಎಲ್ಲವನ್ನೂ 'ಬಲ್ಬ್' ಎಂದೇ ಮಾರುತ್ತಾರೆ. ಆದರೆ ಅವುಗಳ ಒಳರಚನೆ ಬೇರೆ ಬೇರೆ, ನೆಡುವ ರೀತಿಯೂ ಬೇರೆ. ನಿಜವಾದ ಬಲ್ಬ್ ಎಂದರೆ ಉಳ್ಳಾಗಡ್ಡಿಯಂತೆ ಪದರ ಪದರವಾಗಿರುವಂಥದ್ದು. ಅಮರಿಲ್ಲಿಸ್, ರೇನ್ ಲಿಲ್ಲಿ, ಸ್ಪೈಡರ್ ಲಿಲ್ಲಿ ಈ ಗುಂಪಿನವು. ಗ್ಲಾಡಿಯೋಲಸ್ ಗಡ್ಡೆಯನ್ನು ಕೊಯ್ದರೆ ಪದರಗಳಿರುವುದಿಲ್ಲ, ಒಳಗೆಲ್ಲ ಗಟ್ಟಿ ತಿರುಳು. ಇದನ್ನು 'ಕಾರ್ಮ್' ಎನ್ನುತ್ತಾರೆ, ಮತ್ತು ಪ್ರತಿ ವರ್ಷವೂ ಹಳೆಯ ಗಡ್ಡೆ ಸುಕ್ಕಾಗಿ ಅದರ ಮೇಲೊಂದು ಹೊಸದು ಕೂರುತ್ತದೆ. ಬಣ್ಣದ ಎಲೆಗಳ ಕೆಲೇಡಿಯಂ ಆಲೂಗಡ್ಡೆಯಂಥ ಗಡ್ಡೆಯದು, ಕಾಬಾಳೆ ಅರಿಷಿಣದಂತೆ ಅಡ್ಡಡ್ಡ ಹಬ್ಬುವ ಬೇರುಕಾಂಡದ್ದು.

ಒಮ್ಮೆ ಬುಡ ಕೊಳೆತ ಅಮರಿಲ್ಲಿಸ್ ಗಡ್ಡೆಯೊಂದನ್ನು ಎಸೆಯುವ ಮೊದಲು ಚಾಕುವಿನಿಂದ ಮೇಲಿನಿಂದ ಕೆಳಗೆ ಸೀಳಿ ನೋಡಿದೆ. ಬಿಳಿ ಪದರಗಳ ನಡುವೆ, ಬುಡದ ಗಟ್ಟಿ ಬಿಲ್ಲೆಗೆ ಅಂಟಿಕೊಂಡು, ಜೋಳದ ಕಾಳಿನಷ್ಟು ದೊಡ್ಡದೊಂದು ಹಳದಿ ಮಿಶ್ರಿತ ಹಸಿರು ಮೊಗ್ಗು ಕುಳಿತಿತ್ತು. ಅದರಿಂದ ಕೆಲವು ಪದರಗಳಾಚೆ ಸಾಸಿವೆಯಷ್ಟು ಸಣ್ಣದು ಇನ್ನೊಂದು. ಮುಂದಿನ ವಸಂತದ ಹೂವು ಹಿಂದಿನ ಮಳೆಗಾಲದಲ್ಲೇ ಗಡ್ಡೆಯೊಳಗೆ ರೂಪುಗೊಂಡಿರುತ್ತದೆ. ಸುಮಾರು ನಾಲ್ಕು ಎಲೆಗಳಿಗೊಂದರಂತೆ ಮೊಗ್ಗು ಹುಟ್ಟುವುದರಿಂದ, ಮಳೆಗಾಲದಲ್ಲಿ ಎಲೆ ಚೆನ್ನಾಗಿ ಬರದ ಗಡ್ಡೆಗೆ ಯುಗಾದಿಯ ಹೊತ್ತಿಗೆ ಎಷ್ಟು ಗೊಬ್ಬರ ಸುರಿದರೂ ಹೂ ಬರುವುದಿಲ್ಲ.

2. ನಮ್ಮ ಸೀಮೆಗೆ ಒಗ್ಗುವವನ್ನು ಆರಿಸಿ

ಮೊದಲ ಸ್ಥಾನ ಅಮರಿಲ್ಲಿಸ್ ಎಂದು ಮಾರಾಟವಾಗುವ ಹಿಪ್ಪಿಯಾಸ್ಟ್ರಮ್‌ಗೆ. ನಿಜವಾದ ಅಮರಿಲ್ಲಿಸ್ ದಕ್ಷಿಣ ಆಫ್ರಿಕಾದ ಬೇರೆಯೇ ಗಿಡ. ನಮ್ಮ ಅಂಗಳಗಳಲ್ಲಿರುವುದು ದಕ್ಷಿಣ ಅಮೆರಿಕ ಮೂಲದ್ದು, ಇದಕ್ಕೆ ಪ್ರತ್ಯೇಕ ಹೆಸರು ಕೊಟ್ಟವರು ವಿಲಿಯಂ ಹರ್ಬರ್ಟ್, 1821ರಲ್ಲಿ. ಹಳೆಯ ಮನೆಗಳ ಹಿತ್ತಿಲಲ್ಲಿ ಕಾಣುವ, ಕೆಂಪು ದಳದ ಮೇಲೆ ಬಿಳಿ ಗೆರೆಯಿರುವ ಹೂವಿನ ಕಥೆ ಇನ್ನೂ ಸ್ವಾರಸ್ಯದ್ದು: ಅಂಥ ಮೊದಲ ಮಿಶ್ರತಳಿಯನ್ನು 1799ರ ಸುಮಾರಿಗೆ ಬೆಳೆಸಿದವನು ಇಂಗ್ಲೆಂಡಿನ ಒಬ್ಬ ಗಡಿಯಾರ ತಯಾರಕ, ಆರ್ಥರ್ ಜಾನ್ಸನ್. ದೊಡ್ಡ ಹೂವಿನ ಡಚ್ ತಳಿಗಳು ನೋಡಲು ಭರ್ಜರಿಯಾಗಿದ್ದರೂ, ಮೊದಲ ಬಾರಿಗೆ ಬೆಳೆಸುವವರು ಅಕ್ಕಪಕ್ಕದ ಮನೆಯ ಹಳೆಯ ಕೆಂಪು ತಳಿಯಿಂದಲೇ ಆರಂಭಿಸಲಿ ಎಂಬುದು ನನ್ನ ಅಭಿಪ್ರಾಯ. ಅದು ಇಲ್ಲಿನ ಬಿಸಿಲು, ನೀರು, ಅಲಕ್ಷ್ಯ ಎಲ್ಲವನ್ನೂ ಕಂಡಿರುತ್ತದೆ.

ಎರಡನೆಯದು ಆಫ್ರಿಕಾ ಮೂಲದ ಸ್ಕಾಡೋಕ್ಸಸ್, ಅಂದರೆ ನರ್ಸರಿಯವರ ಫುಟ್‌ಬಾಲ್ ಲಿಲ್ಲಿ. ವಿದೇಶಿ ನೋಟವೇ ನಿಮ್ಮ ಗುರಿಯಾಗಿದ್ದರೆ ಇದಕ್ಕಿಂತ ಒಳ್ಳೆಯ ಗಿಡ ಸಿಗಲಾರದು. ವರ್ಷದ ಐದಾರು ತಿಂಗಳು ಕುಂಡದಲ್ಲಿ ಬರೀ ಮಣ್ಣು ಕಾಣುತ್ತದೆ, ಗಿಡ ಸತ್ತಿತೆಂದು ಎಷ್ಟೋ ಮಂದಿ ಕುಂಡವನ್ನೇ ಬರಿದು ಮಾಡಿಬಿಡುತ್ತಾರೆ. ಏಪ್ರಿಲ್ ಕೊನೆಗೆ ಭರಣಿ ಮಳೆಯೋ, ಮೇ ನಡುವೆ ಕೃತ್ತಿಕಾ ಮಳೆಯೋ ಒಮ್ಮೆ ಬಿದ್ದರೆ, ಬಣ್ಣದಲ್ಲಿ ಅದ್ದಿದ ಕುಂಚದಂಥ ಮೂತಿ ಮಣ್ಣನ್ನು ಸೀಳಿಕೊಂಡು ಬರುತ್ತದೆ. ಕೆಲವೇ ದಿನಗಳಲ್ಲಿ ನೂರಕ್ಕೂ ಹೆಚ್ಚು ಸಣ್ಣ ಹೂಗಳು ಸೇರಿ ಒಂದು ಕೆಂಪು ಚೆಂಡಾಗುತ್ತವೆ. ಒಂದು ಗಡ್ಡೆಗೆ ವರ್ಷಕ್ಕೆ ಒಂದೇ ಚೆಂಡು, ಅದೂ ವಾರ–ಹತ್ತು ದಿನ ಮಾತ್ರ. ಆದ್ದರಿಂದ ಒಂದು ಕುಂಡದಲ್ಲಿ ಐದು ಗಡ್ಡೆಗಳಾದರೂ ಇರಲಿ.

ಮೂರನೆಯದು ರೇನ್ ಲಿಲ್ಲಿ. ಗುಲಾಬಿ ಬಣ್ಣದ್ದು ಮುಂಗಾರು ಪೂರ್ವದ ಅಡ್ಡಮಳೆಗೇ ಅರಳುತ್ತದೆ. ಬಿಳಿಯದು ಸಾಮಾನ್ಯವಾಗಿ ಮಳೆಗಾಲದ ಕೊನೆಗೆ ಹೂ ಬಿಡುವುದರಿಂದ ವಸಂತಕ್ಕೆಂದು ಅದನ್ನು ಕೊಂಡರೆ ನಿರಾಶೆಯಾಗುತ್ತದೆ.

ನವಲಗುಂದ, ಗದಗ, ರೋಣದ ಕಡೆಯ ಎರೆ ಮಣ್ಣಿನವರಿಗೆ ಪ್ರತ್ಯೇಕವಾಗಿ ಹೇಳಬೇಕಾದದ್ದಿದೆ. ಎರೆ ಮಣ್ಣು ಮಳೆಗಾಲದಲ್ಲಿ ನೀರು ಹಿಡಿದು ಉಬ್ಬುತ್ತದೆ, ಬೇಸಿಗೆಯಲ್ಲಿ ಬಿರಿಯುತ್ತದೆ. ಅಮರಿಲ್ಲಿಸ್ ಅದರಲ್ಲಿ ಕೊಳೆಯುತ್ತದೆ. ನೇರವಾಗಿ ನೆಲದಲ್ಲೇ ನೆಡಬೇಕೆಂದರೆ ಸ್ಪೈಡರ್ ಲಿಲ್ಲಿ ಮತ್ತು ಕ್ರೈನಮ್ ಒಳ್ಳೆಯವು, ಇವೆರಡೂ ಜಿಗುಟು ಮಣ್ಣನ್ನೂ ನಿಂತ ನೀರನ್ನೂ ತಡೆದುಕೊಳ್ಳುತ್ತವೆ.

ಗ್ಲಾಡಿಯೋಲಸ್ಸನ್ನು ಅಕ್ಟೋಬರ್–ನವೆಂಬರಿನಲ್ಲಿ ನೆಟ್ಟರೆ ಎರಡೂವರೆಯಿಂದ ಮೂರು ತಿಂಗಳಲ್ಲಿ ಹೂ ಬರುತ್ತದೆ, ಗಾಳಿಗೆ ಕೋಲಿನ ಆಸರೆ ಬೇಕು. ಸುಗಂಧರಾಜ ಎಲ್ಲರಿಗೂ ಗೊತ್ತಿರುವುದೇ. ವಸಂತದಲ್ಲಿ ನೆಟ್ಟರೆ ಹೂವು ಮಳೆಗಾಲಕ್ಕೆ.

3. ಕೊಳ್ಳುವಾಗ ಕೈಯಲ್ಲಿ ಹಿಡಿದು ನೋಡಿ

ಗಡ್ಡೆಗಳನ್ನು ಜನವರಿ–ಫೆಬ್ರುವರಿಯಲ್ಲಿ, ಅವು ಮಲಗಿರುವಾಗಲೇ ಕೊಳ್ಳುವುದು ಉತ್ತಮ. ಗಡ್ಡೆ ಗಾತ್ರಕ್ಕೆ ತಕ್ಕ ತೂಕವಿರಬೇಕು, ಒತ್ತಿದರೆ ಗಟ್ಟಿಯಾಗಿರಬೇಕು, ಬುಡದ ಬಿಲ್ಲೆ ಒಣಗಿ ಸ್ವಚ್ಛವಾಗಿರಬೇಕು. ಉಳ್ಳಾಗಡ್ಡಿ ಆರಿಸಿ ಅಭ್ಯಾಸವಿರುವ ಕೈಗೆ ಇದನ್ನು ಹೊಸದಾಗಿ ಕಲಿಸಬೇಕಾಗಿಲ್ಲ. ಹೊರಗಿನ ಒಣಸಿಪ್ಪೆ ಉದುರಿದ್ದರೆ ಚಿಂತೆಯಿಲ್ಲ. ಕುತ್ತಿಗೆಯ ಹತ್ತಿರ ಮೆತ್ತಗಾಗಿದ್ದರೆ ಅಥವಾ ಹುಳಿ ವಾಸನೆ ಬಂದರೆ ಕೊಳ್ಳಬೇಡಿ.

ಆಮದು ತಳಿಗಳ ಗಾತ್ರವನ್ನು ಸುತ್ತಳತೆಯ ಸೆಂಟಿಮೀಟರಿನಲ್ಲಿ ಹೇಳುತ್ತಾರೆ. '26/28' ಎಂದು ಬರೆದಿದ್ದರೆ ಗಡ್ಡೆಯ ಹೊಟ್ಟೆಯ ಸುತ್ತಳತೆ 26ರಿಂದ 28 ಸೆಂ.ಮೀ. ಎಂದರ್ಥ. ದೊಡ್ಡ ಹೂವಿನ ತಳಿಗಳಲ್ಲಿ 20 ಸೆಂ.ಮೀ.ಗಿಂತ ಚಿಕ್ಕದು ಮೊದಲ ವರ್ಷವೇ ಹೂ ಬಿಡುವ ಭರವಸೆ ಇಲ್ಲ. ನಾಟಿ ಕೆಂಪು ತಳಿಗೆ ಈ ಅಳತೆ ಅನ್ವಯಿಸುವುದಿಲ್ಲ, ಅದು ಇದಕ್ಕಿಂತ ಚಿಕ್ಕ ಗಡ್ಡೆಯಲ್ಲೇ ಅರಳುತ್ತದೆ.

ಆನ್‌ಲೈನಿನಲ್ಲಿ ಕಡುನೀಲಿ ಅಮರಿಲ್ಲಿಸ್ ಚಿತ್ರ ಕಂಡರೆ ಹಣ ಕಟ್ಟಬೇಡಿ. ಆ ನೀಲಿ ಕಂಪ್ಯೂಟರಿನಲ್ಲಿ ಬಳಿದದ್ದು. ನಾನೂ ಒಮ್ಮೆ ಆಸೆಗೆ ಬಿದ್ದು ಆರು ಗಡ್ಡೆ ತರಿಸಿದ್ದೆ. ಎರಡು ವರ್ಷ ಸಾಕಿದ ಮೇಲೆ ಆರೂ ಪಕ್ಕದ ಮನೆಯಲ್ಲಿದ್ದ ಅದೇ ಕೆಂಪು ಹೂವನ್ನು ಬಿಟ್ಟವು. ಕೃಷಿ ವಿಶ್ವವಿದ್ಯಾಲಯದ ಆವರಣದಲ್ಲಿ ನಡೆಯುವ ಕೃಷಿ ಮೇಳದಂಥ ಕಡೆ ನರ್ಸರಿಯವರ ಮಳಿಗೆಗಳಲ್ಲಿ ಗಡ್ಡೆಯನ್ನು ಕೈಯಲ್ಲಿ ಹಿಡಿದು, ಬೆಳೆಸಿದವರನ್ನೇ ಕೇಳಿ ಕೊಳ್ಳಬಹುದು.

4. ಮಣ್ಣು ಮತ್ತು ಕುಂಡ ಸಿದ್ಧಪಡಿಸಿ

ಎರಡು ಪಾಲು ಮಸಾರಿ ಮಣ್ಣು, ಒಂದು ಪಾಲು ದಪ್ಪ ಉಸುಕು, ಒಂದು ಪಾಲು ಪೂರ್ತಿ ಕಳಿತ ತಿಪ್ಪೆಗೊಬ್ಬರ, ಕುಂಡಕ್ಕೊಂದು ಹಿಡಿ ಬೇವಿನ ಹಿಂಡಿ. ಈ ಮಿಶ್ರಣ ಎಲ್ಲ ಬಲ್ಬ್‌ಗಳಿಗೂ ನಡೆಯುತ್ತದೆ. ಹಸಿ ಸಗಣಿ ಸೇರಿದರೆ ಗಡ್ಡೆ ಕೊಳೆಯುವುದು ಖಂಡಿತ. ತೆಂಗಿನ ನಾರಿನ ಪುಡಿ, ಅಂದರೆ ಕೊಕೊಪೀಟ್, ಮಳೆಗಾಲದಲ್ಲಿ ನೀರನ್ನು ಹಿಡಿದಿಟ್ಟುಕೊಳ್ಳುವುದರಿಂದ ಅದನ್ನು ನಾನು ಬಳಸುವುದಿಲ್ಲ. ಕುಂಡದ ತಳದಲ್ಲಿ ತೂತು ಇದೆಯೇ ಎಂದು ನೋಡಿ, ಅದು ಮುಚ್ಚದಂತೆ ಒಡೆದ ಹಂಚಿನ ಚೂರೊಂದನ್ನು ಬೋರಲು ಇಡಿ. ಗಡ್ಡೆಗೂ ಕುಂಡದ ಗೋಡೆಗೂ ನಡುವೆ ಎರಡು ಬೆರಳು ಜಾಗವಿದ್ದರೆ ಸಾಕು. ದೊಡ್ಡ ಕುಂಡದಲ್ಲಿ ಒಂದೇ ಗಡ್ಡೆ ನೆಟ್ಟರೆ ಬೇರು ತಲುಪದ ಮಣ್ಣು ಸದಾ ಹಸಿಯಾಗಿಯೇ ಉಳಿಯುತ್ತದೆ.

ನಾಟಿಗೆ ಮುನ್ನ ಗಡ್ಡೆಗಳನ್ನು ಲೀಟರಿಗೆ 2 ಗ್ರಾಂ ಮ್ಯಾಂಕೋಜೆಬ್ ಬೆರೆಸಿದ ನೀರಿನಲ್ಲಿ ಅರ್ಧ ಗಂಟೆ ಅದ್ದಿ, ನೆರಳಿನಲ್ಲಿ ಆರಿಸಿ. ಇದು ಬೂಷ್ಟು ತಡೆಯುವ ಶಿಲೀಂಧ್ರನಾಶಕ. ಕೈಗವಸು ಧರಿಸದೆ ಮುಟ್ಟಬೇಡಿ, ಅಡುಗೆಮನೆಯ ಪಾತ್ರೆಯನ್ನು ಇದಕ್ಕೆ ಬಳಸಲೇಬೇಡಿ.

5. ನೆಡುವ ಆಳ ಮತ್ತು ಜಾಗ

ಅಮರಿಲ್ಲಿಸ್ ಗಡ್ಡೆಯ ಕುತ್ತಿಗೆ ಮತ್ತು ಹೆಗಲು, ಅಂದರೆ ಮೇಲಿನ ಮೂರನೆಯ ಒಂದು ಭಾಗ, ಮಣ್ಣಿನ ಮೇಲೆ ಕಾಣುತ್ತಿರಬೇಕು. ಪೂರ್ತಿ ಹೂಳುವುದೇ ಎಲ್ಲರೂ ಮಾಡುವ ತಪ್ಪು. ಸ್ಕಾಡೋಕ್ಸಸ್‌ನ ಕುತ್ತಿಗೆ ಮಣ್ಣಿನ ಮಟ್ಟಕ್ಕೆ ಸಮನಾಗಿರಲಿ. ರೇನ್ ಲಿಲ್ಲಿಯನ್ನು 3–4 ಸೆಂ.ಮೀ. ಆಳಕ್ಕೆ, ಎಂಟು ಇಂಚಿನ ಅಗಲ ಕುಂಡಕ್ಕೆ ಹತ್ತು–ಹನ್ನೆರಡರಂತೆ ಒತ್ತಾಗಿ ನೆಡಿ. ಒಂಟಿ ಗಿಡಕ್ಕೆ ಅಂದವಿಲ್ಲ. ಗ್ಲಾಡಿಯೋಲಸ್ 10 ಸೆಂ.ಮೀ. ಆಳ ಬೇಡುತ್ತದೆ.

ಅಮರಿಲ್ಲಿಸ್‌ಗೆ ಬೆಳಗಿನ ಬಿಸಿಲು ಬೇಕು, ಏಪ್ರಿಲ್–ಮೇ ಮಧ್ಯಾಹ್ನದ ಬಿಸಿಲು ಬೇಡ. ಆದ್ದರಿಂದ ಮನೆಯ ಪೂರ್ವದ ಗೋಡೆಯ ಬದಿ ಅನುಕೂಲ. ಸ್ಕಾಡೋಕ್ಸಸ್ ಮತ್ತು ಕೆಲೇಡಿಯಂ ಮಾವಿನ ಮರದ ಚದುರಿದ ನೆರಳಿನಲ್ಲಿ ಚೆನ್ನಾಗಿರುತ್ತವೆ.

ವಿದೇಶಿ ನೋಟವೆಂದರೆ ಬಹುಪಾಲು ದೊಡ್ಡ ಎಲೆಗಳ ಆಟ. ಹಿಂದೆ ಬಾಳೆ ಮತ್ತು ಕೆಂಪು ಎಲೆಯ ಕಾಬಾಳೆ, ಅವುಗಳ ಮುಂದೆ ಅಗಲ ಎಲೆಯ ಕೆಸುವಿನ ಜಾತಿಗಳು, ನಡುವೆ ಅಮರಿಲ್ಲಿಸ್ ಮತ್ತು ಸ್ಕಾಡೋಕ್ಸಸ್, ಅಂಚಿಗೆ ರೇನ್ ಲಿಲ್ಲಿ. ಇಲ್ಲಿಯೇ ಒಂದು ತೊಡಕು ಎದುರಾಗುತ್ತದೆ: ಬಾಳೆ ಮತ್ತು ಕೆಸುವಿಗೆ ಚಳಿಗಾಲದಲ್ಲೂ ನೀರು ಬೇಕು, ಗಡ್ಡೆಗಳಿಗೆ ಅದೇ ಸಮಯದಲ್ಲಿ ಒಣಗು ಬೇಕು. ಒಂದೇ ಪಾತಿಯಲ್ಲಿ ಎರಡನ್ನೂ ನೆಟ್ಟವರ ತೋಟದಲ್ಲಿ ಎಲೆ ಸೊಂಪಾಗಿರುತ್ತದೆ, ಹೂವಿರುವುದಿಲ್ಲ. ಇದಕ್ಕೆ ನಾನು ಕಂಡುಕೊಂಡ ಪರಿಹಾರ, ಅಮರಿಲ್ಲಿಸ್ ಮತ್ತು ಸ್ಕಾಡೋಕ್ಸಸ್ ಗಡ್ಡೆಗಳನ್ನು ಕುಂಡದಲ್ಲೇ ನೆಟ್ಟು, ಆ ಕುಂಡವನ್ನು ಅಂಚಿನವರೆಗೆ ಪಾತಿಯಲ್ಲಿ ಹೂತಿಡುವುದು. ನೋಡುವವರಿಗೆ ಗಿಡ ನೆಲದಲ್ಲೇ ಇದೆಯೆಂದು ಕಾಣುತ್ತದೆ. ಡಿಸೆಂಬರ್ ಬಂದಾಗ ಕುಂಡವನ್ನು ಎತ್ತಿ ಒಣ ಜಾಗಕ್ಕೆ ಒಯ್ಯಬಹುದು. ಬೇರು ತೂತಿನಿಂದ ಇಳಿದು ಪಾತಿಗೆ ಅಂಟಿಕೊಳ್ಳದಂತೆ ತಿಂಗಳಿಗೊಮ್ಮೆ ಕುಂಡವನ್ನು ಸ್ವಲ್ಪ ತಿರುಗಿಸಿ.

6. ನೀರು: ಶಿವರಾತ್ರಿಯಿಂದ ಹೂ ಅರಳುವವರೆಗೆ

ನೆಟ್ಟ ದಿನ, ಅಥವಾ ವಿಶ್ರಾಂತಿ ಮುಗಿಸಿ ಕುಂಡವನ್ನು ಹೊರಗೆ ತಂದ ದಿನ, ಒಮ್ಮೆ ತಳದಿಂದ ನೀರು ಇಳಿಯುವಷ್ಟು ಹಾಕಿ. ಆಮೇಲೆ ಮೊಳಕೆ ಒಂದೆರಡು ಇಂಚು ಕಾಣುವವರೆಗೆ, ಮಣ್ಣಿನ ಮೇಲ್ಭಾಗ ಪೂರ್ತಿ ಒಣಗಿದಾಗ ಮಾತ್ರ ಸ್ವಲ್ಪ ನೀರು. ಗಡ್ಡೆಯ ಕುತ್ತಿಗೆಯೊಳಗೆ ನೀರು ನಿಲ್ಲದಂತೆ ಕುಂಡದ ಅಂಚಿಗೆ ಹಾಕಿ. ಆರರಿಂದ ಎಂಟು ವಾರಗಳಲ್ಲಿ ಹೂವು ಅರಳುತ್ತದೆ. ಶಿವರಾತ್ರಿಯ ಹೊತ್ತಿಗೆ ನೀರು ಕೊಟ್ಟರೆ ಯುಗಾದಿ ಕಳೆದು ಎರಡು–ಮೂರು ವಾರಗಳಲ್ಲಿ ಹೂವನ್ನು ನಿರೀಕ್ಷಿಸಬಹುದು. ಬೋರವೆಲ್ಲಿನ ಸವುಳು ನೀರೊಂದೇ ಗತಿಯಾದವರು ತಿಂಗಳಿಗೊಮ್ಮೆ ಕುಂಡಕ್ಕೆ ನಲ್ಲಿ ನೀರನ್ನೋ ಸಂಗ್ರಹಿಸಿದ ಮಳೆನೀರನ್ನೋ ಧಾರಾಳವಾಗಿ ಹಾಯಿಸಿ, ಕೂಡಿದ ಉಪ್ಪು ತೊಳೆದುಹೋಗಲಿ.

ಅಶ್ವಿನಿ, ಭರಣಿ ಮಳೆಗಳ ಸಂಜೆ ಗಾಳಿಯ ಜೊತೆ ಆಲಿಕಲ್ಲು ಬೀಳುವುದುಂಟು. ಅಮರಿಲ್ಲಿಸ್ ಹೂದಂಟು ಒಳಗೆ ಟೊಳ್ಳು, ಒಂದು ಕಲ್ಲು ತಾಗಿದರೆ ಮುರಿಯುತ್ತದೆ. ಮೋಡ ಕವಿದರೆ ಕುಂಡವನ್ನು ಪಡಸಾಲೆಗೆ ಎತ್ತಿಡಿ.

7. ಹೂ ಬಾಡಿದ ಮೇಲೆ

ಹೆಚ್ಚಿನವರು ಆಸಕ್ತಿ ಕಳೆದುಕೊಳ್ಳುವುದು ಇಲ್ಲಿ, ಮುಂದಿನ ವರ್ಷದ ಹೂವು ನಿರ್ಧಾರವಾಗುವುದೂ ಇಲ್ಲಿಯೇ. ಬಾಡಿದ ಹೂವನ್ನು ಬೀಜ ಕಟ್ಟುವ ಮೊದಲು ಚಿವುಟಿ. ದಂಟು ಹಳದಿಯಾದ ಮೇಲೆ ಬುಡಕ್ಕೆ ಕತ್ತರಿಸಿ. ಎಲೆಗಳನ್ನು ಮಾತ್ರ ಕತ್ತರಿಸಬೇಡಿ, ಹೆಣೆದು ಗಂಟು ಹಾಕಲೂ ಬೇಡಿ. ಜೂನಿನಿಂದ ಸೆಪ್ಟೆಂಬರಿನವರೆಗೆ ಹದಿನೈದು ದಿನಗಳಿಗೊಮ್ಮೆ 19:19:19 ಗೊಬ್ಬರವನ್ನು ಲೀಟರಿಗೆ 2 ಗ್ರಾಂನಂತೆ ಕರಗಿಸಿ ಕೊಡಿ. ಈ ಮೂರು ಅಂಕಿಗಳು ಸಾರಜನಕ, ರಂಜಕ ಮತ್ತು ಪೊಟ್ಯಾಶ್‌ಗಳ ಶೇಕಡಾ ಪ್ರಮಾಣವನ್ನು ಸೂಚಿಸುತ್ತವೆ. ಅಕ್ಟೋಬರಿನಿಂದ ಗೊಬ್ಬರ ನಿಲ್ಲಿಸಿ.

ಮಳೆಗಾಲದಲ್ಲಿ ಕಪ್ಪು ಮೈಮೇಲೆ ಬಿಳಿ, ಹಳದಿ, ಕೆಂಪು ಚುಕ್ಕೆಗಳಿರುವ ಲಿಲ್ಲಿ ಹುಳು ಗುಂಪಾಗಿ ಬಂದು ಎರಡು ರಾತ್ರಿಗಳಲ್ಲಿ ಗಿಡವನ್ನು ಬುಡದವರೆಗೆ ಮೇಯುತ್ತದೆ. ಬೆಳಿಗ್ಗೆ ಎಲೆಯ ಅಡಿಭಾಗ ತಿರುಗಿಸಿ ನೋಡಿ, ಹುಳುಗಳನ್ನು ಆರಿಸಿ ಸೋಪಿನ ನೀರಿಗೆ ಹಾಕಿ. ಹೆಚ್ಚಾದರೆ ಬೇವಿನೆಣ್ಣೆಯನ್ನು ಲೀಟರಿಗೆ 5 ಮಿ.ಲೀ.ನಂತೆ ಸೋಪಿನೊಂದಿಗೆ ಬೆರೆಸಿ ಸಿಂಪಡಿಸಿ. ಎಲೆ ಮತ್ತು ದಂಟಿನ ಮೇಲೆ ಕುಂಕುಮ ಸವರಿದಂಥ ಕೆಂಪು ಕಲೆಗಳಿದ್ದರೆ ಅದು ಶಿಲೀಂಧ್ರ ರೋಗ. ಕಲೆಯಿರುವ ಎಲೆ ತೆಗೆದು ಸುಟ್ಟುಬಿಡಿ, ಗಿಡದ ಮೇಲೆ ನೀರು ಚಿಮುಕಿಸುವುದನ್ನು ನಿಲ್ಲಿಸಿ.

8. ಒಣ ವಿಶ್ರಾಂತಿ

ಡಿಸೆಂಬರ್ ಮೊದಲ ವಾರದಿಂದ ಅಮರಿಲ್ಲಿಸ್ ಮತ್ತು ಸ್ಕಾಡೋಕ್ಸಸ್‌ಗೆ ನೀರು ಪೂರ್ತಿ ಬಂದ್. ಎಲೆ ಹಳದಿಯಾಗುತ್ತದೆ, ಜೋತು ಬೀಳುತ್ತದೆ, ಮನೆಯಲ್ಲಿ ಯಾರೋ ಒಬ್ಬರು ಕನಿಕರದಿಂದ ಒಂದು ತಂಬಿಗೆ ನೀರು ಹಾಕುತ್ತಾರೆ. ಆ ಒಂದು ತಂಬಿಗೆಯೇ ವಿಶ್ರಾಂತಿಯನ್ನು ಮುರಿಯುವುದು. ಕುಂಡವನ್ನು ಮೆಟ್ಟಿಲ ಕೆಳಗೆ ಅಥವಾ ಮಳೆ ತಾಗದ ಚಾವಣಿಯಡಿ ಅಡ್ಡ ಮಲಗಿಸಿ ಇಟ್ಟರೆ, ಅದಕ್ಕೆ ನೀರು ಬೇಡವೆಂದು ಮನೆಮಂದಿಗೆಲ್ಲ ತಿಳಿಯುತ್ತದೆ. ಅಮರಿಲ್ಲಿಸ್‌ಗೆ ಎಂಟರಿಂದ ಹತ್ತು ವಾರ ಸಾಕು. ಸ್ಕಾಡೋಕ್ಸಸ್ಸನ್ನು ಏಪ್ರಿಲ್‌ವರೆಗೂ ಮುಟ್ಟಬೇಡಿ. ರೇನ್ ಲಿಲ್ಲಿಗೆ ಇಷ್ಟು ಕಟ್ಟುನಿಟ್ಟಿಲ್ಲ: ಏಪ್ರಿಲ್‌ನಲ್ಲಿ ಮೂರು–ನಾಲ್ಕು ವಾರ ನೀರು ತಪ್ಪಿಸಿ, ಒಮ್ಮೆಲೇ ಕುಂಡವನ್ನು ಬಕೆಟ್ಟಿನ ನೀರಿನಲ್ಲಿ ಮುಳುಗಿಸಿ ತೆಗೆದರೆ, ಮಳೆ ಬಂತೆಂದು ನಂಬಿ ವಾರದೊಳಗೆ ಮೊಗ್ಗು ಬಿಡುವುದುಂಟು. ಸ್ಪೈಡರ್ ಲಿಲ್ಲಿ ಮತ್ತು ಕ್ರೈನಮ್ ವರ್ಷವಿಡೀ ಹಸಿರಾಗಿರುವ ಜಾತಿಗಳು, ಅವುಗಳನ್ನು ಒಣಗಿಸಬೇಡಿ.

ಗ್ಲಾಡಿಯೋಲಸ್ ಗಡ್ಡೆಗಳನ್ನು ಎಲೆ ಹಳದಿಯಾದ ಮೇಲೆ ಕಿತ್ತು, ನೆರಳಿನಲ್ಲಿ ಆರಿಸಿ, ತಟ್ಟಿನ ಚೀಲದಲ್ಲಿ ಗಾಳಿಯಾಡುವಂತೆ ತೂಗುಹಾಕಿ. ಯಾವ ಗಡ್ಡೆಯನ್ನೂ ಅಡುಗೆಮನೆಯಲ್ಲಿ, ಉಳ್ಳಾಗಡ್ಡಿಯ ಬುಟ್ಟಿಯ ಸಮೀಪ ಇಡಬೇಡಿ. ಅಮರಿಲ್ಲಿಸ್, ಸ್ಕಾಡೋಕ್ಸಸ್, ರೇನ್ ಲಿಲ್ಲಿ, ಕ್ರೈನಮ್ ಎಲ್ಲವೂ ವಿಷಕಾರಿ, ತಿಂದರೆ ವಾಂತಿ ಮತ್ತು ಹೊಟ್ಟೆನೋವು. ಕೆಲೇಡಿಯಂ ಎಲೆಯ ರಸ ಬಾಯಿಗೆ ತಾಗಿದರೆ ಉರಿ. ಬೇಲಿಯಲ್ಲಿ ಬೆಳೆಯುವ ಗೌರಿ ಹೂವಿನ ಬಳ್ಳಿಯನ್ನು ಅಂದಕ್ಕೆಂದು ತೋಟಕ್ಕೆ ತರುವವರಿದ್ದಾರೆ. ಅದರ ಗಡ್ಡೆಯಲ್ಲಿರುವ ಕಾಲ್ಚಿಸಿನ್ ಪ್ರಾಣವನ್ನೇ ತೆಗೆಯಬಲ್ಲದು. ಮಕ್ಕಳು ಅಥವಾ ದನಕರುಗಳು ಓಡಾಡುವ ಅಂಗಳದಲ್ಲಿ ಅದು ಬೇಡವೇ ಬೇಡ.

9. ಫ್ರಿಜ್ಜಿನ ದಾರಿ, ಹಟ ಬಿಡದವರಿಗೆ

ಇಷ್ಟರ ಮೇಲೂ ಚಳಿನಾಡಿನ ಹೂವೇ ಬೇಕೆನ್ನುವವರು ಟ್ಯೂಲಿಪ್ ಬದಲು ಹಯಸಿಂತ್ ಪ್ರಯತ್ನಿಸಲಿ. ಸೆಪ್ಟೆಂಬರ್ ಕೊನೆ ಅಥವಾ ಅಕ್ಟೋಬರ್ ಮೊದಲಿಗೆ ಗಡ್ಡೆಗಳನ್ನು ಕಾಗದದ ಚೀಲದಲ್ಲಿ ಸುತ್ತಿ ಫ್ರಿಜ್ಜಿನ ಕೆಳಗಿನ ಭಾಗದಲ್ಲಿ 10–12 ವಾರ ಇಟ್ಟು, ಡಿಸೆಂಬರ್ ಕೊನೆಗೆ ಮನೆಯ ಅತ್ಯಂತ ತಂಪಾದ ಕಿಟಕಿಯ ಬಳಿ ನೆಡಿ. ಅದೇ ಫ್ರಿಜ್ಜಿನಲ್ಲಿ ಬಾಳೆ, ಸೇಬು ಮೊದಲಾದ ಹಣ್ಣುಗಳನ್ನು ಇಡಬಾರದು; ಹಣ್ಣು ಮಾಗುವಾಗ ಹೊರಡುವ ಎಥಿಲೀನ್ ಅನಿಲ ಗಡ್ಡೆಯೊಳಗಿನ ಮೊಗ್ಗನ್ನು ಕೊಲ್ಲುತ್ತದೆ. ಮೂರು ತಿಂಗಳು ಹಣ್ಣಿಲ್ಲದ ಫ್ರಿಜ್ಜಿಗೆ ಮನೆಯಲ್ಲಿ ಒಪ್ಪಿಗೆ ಸಿಗುವುದೇ ಇದರಲ್ಲಿ ಕಷ್ಟದ ಭಾಗ. ಹೂ ಬಂದರೂ ಆ ಗಡ್ಡೆ ಇಲ್ಲಿ ಎರಡನೆಯ ವರ್ಷಕ್ಕೆ ಉಳಿಯುವುದಿಲ್ಲ, ಆದ್ದರಿಂದ ಅದನ್ನು ಹೂಗುಚ್ಛದ ಖರ್ಚೆಂದೇ ಲೆಕ್ಕ ಹಾಕಿಕೊಳ್ಳಿ.

10. ಮರಿಗಡ್ಡೆಗಳನ್ನು ಬಿಡಿಸುವುದು

ಅಮರಿಲ್ಲಿಸ್ ಕುಂಡ ಮೂರು–ನಾಲ್ಕು ವರ್ಷಗಳಲ್ಲಿ ಮರಿಗಡ್ಡೆಗಳಿಂದ ತುಂಬುತ್ತದೆ. ವಿಶ್ರಾಂತಿ ಮುಗಿಯುವ ಫೆಬ್ರುವರಿಯಲ್ಲಿ, ನೀರು ಕೊಡುವ ಮೊದಲು, ಕುಂಡ ಮಗುಚಿ ಬೇರು ಹರಿಯದಂತೆ ಬಿಡಿಸಿ. ನಿಂಬೆಹಣ್ಣಿನಷ್ಟಾದ ಮರಿಗಳನ್ನು ಬೇರೆ ಕುಂಡಕ್ಕೆ ಹಾಕಿ, ಅದಕ್ಕಿಂತ ಚಿಕ್ಕವು ತಾಯಿಯ ಜೊತೆಗೇ ಇರಲಿ. ಬಿಡಿಸಿದ ಮರಿ ಹೂ ಬಿಡಲು ಎರಡು–ಮೂರು ವರ್ಷ ಬೇಕು. ಸ್ಕಾಡೋಕ್ಸಸ್‌ಗೆ ಈ ಉಪಚಾರ ಸಲ್ಲದು, ಬೇರು ಅಲುಗಿದ ವರ್ಷ ಅದು ಮುನಿಸಿಕೊಂಡು ಬರೀ ಎಲೆ ಬಿಡುತ್ತದೆ. ಕುಂಡ ಬಿರಿಯುವವರೆಗೂ ಅದನ್ನು ಅಲ್ಲೇ ಬಿಡಿ.